ಮಲ್ಪೆಯಲ್ಲಿ ನೋಡತಕ್ಕದ್ದು

ಘಟ್ಟದ ಮೇಲಿನ ನಮ್ಮ ಜನ ಉಡುಪಿಗೆ ಹೊರಟಾಗ ತಪ್ಪದೆ ಕೇಳುವ ಪ್ರಶ್ನೆ, "ಮಲ್ಪೆಯಲ್ಲಿ ನೋಡುವಂಥದು ಏನಿದೆ?" ಎಂಬುದು. ಅದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಬೆಳಿಗ್ಗೆ ಉಡುಪಿಯಲ್ಲಿ ಕೃಷ್ಣದರ್ಶನ, ಮಠದಲ್ಲಿ ಊಟ, ಮಧ್ಯಾಹ್ನ ಬೋಟನ್ನೇರಿ ಸೇಂಟ್ ಮೇರಿ ದ್ವೀಪ, ಸಂಜೆ ಮರಳದಂಡೆಯಲ್ಲಿ ಮಕ್ಕಳ ನೀರಾಟ, ಸೂರ್ಯಾಸ್ತ, ಒಂದು ತಟ್ಟೆ ಕರಿದ ಮೀನು, ರಾತ್ರಿಯ ಬಸ್ಸು. ಈ ಕಾರ್ಯಕ್ರಮದಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ದುಡಿದು ದಣಿದವರು ಎರಡು ದಿನ ಕಡಲ ಗಾಳಿಗೆ ಮೈಯೊಡ್ಡಿ ಬಂದರೆ ಯಾರಿಗೇನು ನಷ್ಟ? ಆದರೆ ಹೀಗೆ ಹೋಗಿಬಂದವರು ಕಡಲನ್ನು ಕಂಡಿರುತ್ತಾರೆಯೇ ಹೊರತು ಮಲ್ಪೆಯನ್ನು ಕಂಡಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಲ್ಪೆ ಮೊದಲು ಒಂದು ಬಂದರು, ಆಮೇಲೆ ಒಂದು ವಿಹಾರಸ್ಥಳ. ಉಡುಪಿಯಿಂದ ಸುಮಾರು 6 ಕಿಲೋಮೀಟರ್ ಪಡುವಣಕ್ಕೆ, ಉದ್ಯಾವರ ಹೊಳೆ ಕಡಲನ್ನು ಸೇರುವ ಅಳಿವೆಯ ಆಸರೆಯಲ್ಲಿ ಬೆಳೆದ ಈ ಊರು ನಮ್ಮ ರಾಜ್ಯದ ಬಲು ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಇಲ್ಲಿಯ ಜನರಿಗೆ ಕಡಲೆಂದರೆ ಹೊಲವಿದ್ದಂತೆ. ಹೊಲದ ಬದುವಿನ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡಿ ಎದ್ದುಬಂದವನೊಬ್ಬ, ತಾನು ಬೇಸಾಯದ ಹಳ್ಳಿಯನ್ನು ಕಂಡೆನೆಂದು ಹೇಳಿಕೊಂಡರೆ ನಮಗೆ ನಗು ಬರುತ್ತದೆ. ಕಡಲೂರಿನ ವಿಷಯದಲ್ಲಿ ಮಾತ್ರ ಆ ನಗು ಬರುವುದಿಲ್ಲ. ಅಲ್ಲಿ ಬಿತ್ತುವವರು ಯಾರು, ಕೊಯ್ಯುವವರು ಯಾರು, ಕಣವೆಲ್ಲಿ, ಸಂತೆಯೆಲ್ಲಿ ಎಂಬುದನ್ನು ಕೇಳುವ ಅಭ್ಯಾಸವೇ ನಮಗೆ ಇಲ್ಲ. ಆದುದರಿಂದ ಪ್ರವಾಸಿಯ ದಿನಚರಿಯನ್ನು ತಲೆಕೆಳಗು ಮಾಡಬೇಕೆಂದು ನಾನು ಸೂಚಿಸುತ್ತೇನೆ. ದಂಡೆ ಸಂಜೆಗಿರಲಿ, ದ್ವೀಪ ಮಧ್ಯಾಹ್ನಕ್ಕಿರಲಿ. ಬೆಳಗು ಮಾತ್ರ ದಕ್ಕೆಗೆ ಮೀಸಲಾಗಲಿ.

ದಕ್ಕೆಯೆಂದರೆ ಬೋಟುಗಳು ಬಂದು ನಿಂತು ಮೀನನ್ನು ಇಳಿಸುವ ಕಟ್ಟೆ. ಕರಾವಳಿಯವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ನಾನು ಅಲ್ಲಿ ಹಲವು ಬೆಳಗುಗಳನ್ನು ಕಳೆದಿದ್ದೇನೆ. ಬೆಳಕು ಹರಿಯುವ ಮೊದಲೇ ಅಲ್ಲಿ ದಿನ ಅರ್ಧ ಮುಗಿದಿರುತ್ತದೆ. ಆಳಸಮುದ್ರಕ್ಕೆ ಹೋಗಿ ವಾರಕ್ಕೂ ಮೇಲ್ಪಟ್ಟು ನೀರಿನ ಮೇಲೆಯೇ ಇದ್ದು ಬಂದ ಟ್ರಾಲ್ ಬೋಟುಗಳು ಒಂದರ ಮಗ್ಗುಲಿಗೊಂದು ಒತ್ತಾಗಿ ನಿಂತಿರುತ್ತವೆ. ಅವುಗಳ ಹೊಟ್ಟೆಯೊಳಗಿಂದ ಮಂಜುಗಡ್ಡೆಯ ಪುಡಿಯೊಡನೆ ಮೀನು ಬುಟ್ಟಿಬುಟ್ಟಿಯಾಗಿ ಮೇಲಕ್ಕೆ ಬರುತ್ತದೆ. ಬೋಟಿನ ಯಜಮಾನಿಕೆ ದಡದಲ್ಲಿ ಯಾರದೇ ಇರಲಿ, ಕಡಲಿನ ಮೇಲೆ ಮಾತು ನಡೆಯುವುದು ತಂಡೇಲನದು. ಬಲೆಯನ್ನು ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಎಳೆಯಬೇಕು, ಗಾಳಿ ತಿರುಗಿದರೆ ಯಾವ ದಿಕ್ಕಿಗೆ ಹೊರಳಬೇಕು ಎಂಬುದೆಲ್ಲ ಅವನ ತಲೆಯೊಳಗಿನ ಲೆಕ್ಕ. ಅವನ ಕೈಕೆಳಗಿನ ಕಲಾಸಿಗಳಲ್ಲಿ ಈ ಊರಿನವರು ಈಗ ಅಷ್ಟಾಗಿ ಇಲ್ಲ. ಉತ್ತರ ಕನ್ನಡದಿಂದ ಬಂದವರುಂಟು, ಒಡಿಶಾ ಜಾರ್ಖಂಡಗಳಿಂದ ಬಂದವರೂ ಉಂಟು. ಕಟ್ಟೆಯ ಮೇಲೆ ಏಲಂ ಕೂಗುವವನ ನಾಲಗೆಯ ವೇಗಕ್ಕೆ ಹೊಸಬರ ಕಿವಿ ಸೋಲುತ್ತದೆ. ರಾಶಿಯೊಂದು ಕಣ್ಣೆದುರಿಗೇ ಕೈ ಬದಲಾಗಿ ಲಾರಿಯನ್ನೇರಿದಾಗ, ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದು ನೋಡಿದವನಿಗೂ ತಿಳಿದಿರುವುದಿಲ್ಲ.

ಇಲ್ಲಿ ಪ್ರವಾಸಿ ಕಲಿಯಬೇಕಾದ ಮೊದಲ ಪಾಠ ನಿಲ್ಲುವುದು. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ಬಾರದೆ, ಬೆಲೆ ಕೂಗುವವರ ನಡುವೆ ಪ್ರಶ್ನೆ ಹಾಕದೆ, ಅನುಮತಿ ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯದೆ ಒಂದು ಗಂಟೆ ಸುಮ್ಮನೆ ನಿಂತರೆ ಸಾಕು. ಕಾಲಿಗೆ ಚಪ್ಪಲಿ ಗಟ್ಟಿಯಾಗಿರಲಿ, ನೆಲ ಜಾರುತ್ತದೆ. ಮೂಗು ಮುಚ್ಚಿಕೊಳ್ಳಬೇಕೆನಿಸಿದರೆ ದಯವಿಟ್ಟು ಸ್ವಲ್ಪ ದೂರ ಹೋಗಿ ಮುಚ್ಚಿಕೊಳ್ಳಿರಿ. ಆ ವಾಸನೆಯಲ್ಲಿ ದುಡಿಯುವವರ ಕಣ್ಣೆದುರಿಗೆ ಕರವಸ್ತ್ರ ತೆಗೆಯುವುದು ಅವರ ಅಡಿಗೆಮನೆಗೆ ಹೋಗಿ ಮುಖ ಸಿಂಡರಿಸಿದಂತೆ.

ಎರಡನೆಯ ಪಾಠ ಹೆಸರುಗಳದು. ಬಯಲುಸೀಮೆಯವನಿಗೆ ಮೀನೆಲ್ಲ ಮೀನೇ. ದಕ್ಕೆಯಲ್ಲಿ ಒಂದು ಬೆಳಗು ಕಳೆದವನಿಗೆ ಬಂಗುಡೆಯ ಬೆನ್ನಿನ ನೀಲಿಹಸುರು ಪಟ್ಟೆ, ಬೂತಾಯಿಯ ಬೆಳ್ಳಿ ಹೊಟ್ಟೆ, ಮಾಂಜಿಯ ಚಪ್ಪಟೆ ಮೈ, ಅಂಜಲಿನ ಉದ್ದ, ಕಾಣೆಯ ನಯ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ನಸುಗೆಂಪು ಬಣ್ಣದ ಒಂದು ಮೀನಿಗೆ ತುಳುವರು ಮದುಮಗಳೆಂಬ ಅರ್ಥದ ಹೆಸರಿಟ್ಟು ಮದ್ಮಲ್ ಎಂದು ಕರೆಯುತ್ತಾರೆ. ಹೆಸರಿಟ್ಟವರ ರಸಿಕತೆಗೆ ತಲೆದೂಗಬೇಕು. ದಿನವೂ ರಾಶಿರಾಶಿಯಾಗಿ ಕಾಣುವ ವಸ್ತುವಿನಲ್ಲಿ ಮದುಮಗಳ ಕೆಂಪನ್ನು ಕಾಣುವ ಕಣ್ಣು ಕೇವಲ ವ್ಯಾಪಾರದ ಕಣ್ಣಾಗಿರಲಾರದು.

ಮೂರನೆಯದು ಹೆಂಗಸರು. ಕಡಲಿಗೆ ಹೋಗುವವರು ಗಂಡಸರಾದರೂ ಮೀನನ್ನು ಹಣವನ್ನಾಗಿ ಮಾಡುವವರು ಬಹುಮಟ್ಟಿಗೆ ಹೆಂಗಸರೇ. ಮೊಗವೀರರಲ್ಲಿ ಅಳಿಯಸಂತಾನದ ಪದ್ಧತಿಯಿದ್ದು ಮನೆತನ ಹೆಣ್ಣಿನ ಕಡೆಯಿಂದ ಎಣಿಕೆಯಾಗುತ್ತಿದ್ದುದನ್ನು ನೆನೆದರೆ ಅವರ ಮಾತಿನ ದಿಟ್ಟತನಕ್ಕೆ ಅರ್ಥ ಸಿಗುತ್ತದೆ. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದವರ ಮಕ್ಕಳು ಇಂದು ರಿಕ್ಷಾ ಮಾಡಿಕೊಂಡು ಹೋಗುತ್ತಾರೆ. ಲೆಕ್ಕದ ಚುರುಕು ಮಾತ್ರ ಹಾಗೆಯೇ ಉಳಿದಿದೆ. ಒಮ್ಮೆ ನಾನು ಬುಟ್ಟಿಯೊಂದರ ಮುಂದೆ ನಿಂತು ಅಂಜಲಿನ ಬೆಲೆ ಕೇಳಿದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿ, "ಇದು ನಿನ್ನೆಯದು ಮಾರಾಯ್ರೆ, ನಿಮಗೆ ಬೇಡ. ಬಂಗುಡೆ ತಕೊಂಡು ಹೋಗಿ, ಈಗ ಬಂದದ್ದು" ಎಂದಳು. ಬಂಗುಡೆಯ ಕಿವಿರನ್ನು ಬಿಡಿಸಿ ಅದರ ಕೆಂಪನ್ನು ತೋರಿಸಿದಳು. ನೂರಾರು ರೂಪಾಯಿಯ ವ್ಯಾಪಾರವನ್ನು ಬಿಟ್ಟುಕೊಟ್ಟು ನಾಳೆಯ ಗಿರಾಕಿಯನ್ನು ಸಂಪಾದಿಸುವ ಈ ವಿವೇಕವನ್ನು ನಾನು ದೊಡ್ಡ ಅಂಗಡಿಗಳಲ್ಲಿ ಕಂಡಿಲ್ಲ. ಅಂಥವರೊಡನೆ ಹತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಶಿ ಮಾಡುವ ನಮ್ಮವರು, ಅದೇ ಸಂಜೆ ಹೋಟೆಲಿನಲ್ಲಿ ಅದೇ ಮೀನಿಗೆ ಅದರ ಹಲವು ಪಟ್ಟು ಹಣವನ್ನು ಮಾತಿಲ್ಲದೆ ತೆರುತ್ತಾರೆ. ಇದು ಮಿತವ್ಯಯವೆ?

ಇಷ್ಟನ್ನು ನೋಡಿದ ಮೇಲೆ ಕಡಲಿನ ಕಡೆಗೆ ಮುಖ ತಿರುಗಿಸಬಹುದು. ಆಗ ಅದು ಮೊದಲಿನ ಕಡಲಾಗಿ ಕಾಣುವುದಿಲ್ಲ. 2018ರ ಡಿಸೆಂಬರಿನಲ್ಲಿ ಈ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. ತಮ್ಮವರನ್ನು ಹುಡುಕಿಕೊಡಿರೆಂದು 2019ರ ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು. ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಾಳದಲ್ಲಿ ಬೋಟಿನ ಅವಶೇಷ ಕಂಡಿತೆಂದು ನೌಕಾದಳ ತಿಳಿಸಿತು. ಆ ಏಳು ಮನೆಗಳಲ್ಲಿ ಐದು ತಿಂಗಳ ಕಾಲ ಬಾಗಿಲ ಕಡೆಗೆ ನೋಡುತ್ತ ಕುಳಿತಿದ್ದವರಿಗೆ ಸೂರ್ಯಾಸ್ತವೆಂದರೆ ಏನಾಗಿತ್ತೆಂಬುದನ್ನು ನಾವು ಒಂದು ಗಳಿಗೆಯಾದರೂ ಯೋಚಿಸಬೇಕು. ಪ್ರವಾಸಿಯ ಸಂತೋಷವನ್ನು ಕೆಡಿಸಲೆಂದು ನಾನು ಇದನ್ನು ಹೇಳುತ್ತಿಲ್ಲ. ಊರಿನ ದುಃಖ ತಿಳಿಯದವನಿಗೆ ಆ ಊರಿನ ಸೊಗಸೂ ಪೂರ್ತಿಯಾಗಿ ದಕ್ಕುವುದಿಲ್ಲ.

ದೇವರನ್ನು ಕಾಣಬಯಸುವವರೂ ಕಡಲಿನ ಮೂಲಕವೇ ಕಾಣಬಹುದು. ದಂಡೆಯ ಸಮೀಪದಲ್ಲಿ ವಡಭಾಂಡೇಶ್ವರದ ಬಲರಾಮನ ಗುಡಿಯಿದೆ. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಪಾರುಮಾಡಿದರೆಂದೂ, ಹಡಗಿನವನು ಕಾಣಿಕೆಯಾಗಿ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ದೊರೆತನೆಂದೂ ಸಂಪ್ರದಾಯ ಹೇಳುತ್ತದೆ. ಲೋಕವೆಲ್ಲ ಅರಸಿ ಬರುವ ಉಡುಪಿಯ ದೇವರು ಮೊದಲು ಕಾಲಿಟ್ಟುದು ಮೀನುಗಾರರ ಈ ಮರಳಿನ ಮೇಲೆ! ಮಳೆಗಾಲ ಕಳೆದು ಬೋಟುಗಳು ನೀರಿಗಿಳಿಯುವ ಹೊತ್ತಿಗೆ ಇಲ್ಲಿಯೇ ಸಮುದ್ರಪೂಜೆ ನಡೆದು ಕಡಲಿಗೆ ಹಾಲೆರೆಯುತ್ತಾರೆ. ಈ ಕರಾವಳಿಯ ಮೊಗವೀರರು ನಂಬಿದ ಬೊಬ್ಬರ್ಯನೆಂಬ ದೈವವನ್ನು ತುಳುವಿನ ಐತಿಹ್ಯ ಮುಸಲ್ಮಾನ ವರ್ತಕನೊಬ್ಬನ ಮಗನೆಂದು ಹೇಳುತ್ತದೆ. ದಡದ ಮೇಲೆ ಭೇದಗಳನ್ನು ಎಣಿಸುವವರು ಈ ಕತೆಯನ್ನು ಒಮ್ಮೆ ಕೇಳಬೇಕು. ನೀರಿನ ಮೇಲೆ ಹೋಗುವವನಿಗೆ ಕಾಯುವವನ ಜಾತಿಯನ್ನು ಕೇಳಲು ಬಿಡುವಿರುವುದಿಲ್ಲ.

ಇನ್ನು ದ್ವೀಪ. ಅದಕ್ಕೆ ಹೋಗಬೇಡಿರೆಂದು ನಾನು ಹೇಳುವವನಲ್ಲ. ಏನನ್ನು ನೋಡುತ್ತಿದ್ದೇವೆಂದು ತಿಳಿದು ಹೋಗಿರೆಂಬುದಷ್ಟೆ ನನ್ನ ಮಾತು. ತೋನ್ಸೆಪಾರೆಂದು ಊರವರು ಕರೆಯುವ ಆ ನೆಲದಲ್ಲಿ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿ, ಬಹುಪಾಲು ಆರು ಮೂಲೆಯಾಗಿ, ಬಡಗಿ ಅಳತೆ ಹಿಡಿದು ಕೆತ್ತಿದಂತೆ ನಿಂತಿವೆ. ಕಾದ ಲಾವಾರಸ ನಿಧಾನವಾಗಿ ಆರಿ ಕುಗ್ಗುವಾಗ ಒಣಗಿದ ಕೆರೆಯ ಕೆಸರಿನಂತೆ ಬಿರುಕುಬಿಟ್ಟು ಈ ರೂಪ ತಾಳಿತು. ಇದಕ್ಕೆ ಸುಮಾರು 8 ಕೋಟಿ 80 ಲಕ್ಷ ವರ್ಷಗಳ ವಯಸ್ಸು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಗುರುತು ಇದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಇದಕ್ಕಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿಂದ ಸೇಂಟ್ ಮೇರಿ ಎಂಬ ಹೆಸರು ನಿಂತಿದೆ. ಗಾಮನ ಐನೂರು ವರ್ಷ ಆ ಕಲ್ಲುಗಳ ಲೆಕ್ಕದಲ್ಲಿ ನಿನ್ನೆಯ ಮಾತು. ಅಂಥ ಕಲ್ಲಿನ ಸಂದಿಯಲ್ಲಿ ತಿಂಡಿಯ ಪೊಟ್ಟಣವನ್ನು ತುರುಕಿ ಬರುವವರನ್ನು ಏನೆನ್ನಬೇಕು? ಪಾಚಿಗಟ್ಟಿದ ಬಂಡೆಗಳ ಮೇಲೆ ಜಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಳೆಗಾಲದಲ್ಲಿ ಅಲ್ಲಿಗೆ ಬೋಟು ಹೋಗುವುದಿಲ್ಲ. ಕಾವಲುಗಾರನ ಸೀಟಿಯನ್ನು ವಿನೋದವೆಂದು ತಿಳಿಯಬಾರದು.

ಮಳೆಗಾಲದಲ್ಲಿ ಬಂದವರಿಗೆ ಬೇರೆಯೇ ಒಂದು ನೋಟ ಕಾದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲು ನಿಷಿದ್ಧ. ನಾಡದೋಣಿಗಳಿಗೆ ಮಾತ್ರ, ಕಡಲು ಅನುಮತಿ ಕೊಟ್ಟ ದಿನ, ಕೆಲಸ. ಆಗ ದಂಡೆಯಲ್ಲಿ ಕೈರಂಪಣಿಯ ಬಲೆಯನ್ನು ಬೀಸಿ, ಎರಡು ತುದಿಗಳನ್ನು ಎರಡು ಸಾಲು ಜನ ಹಿಡಿದು ಎಳೆಯುವುದನ್ನು ಕಾಣಬಹುದು. ಇದು ಹಿಂದಿನ ದೊಡ್ಡ ರಂಪಣಿಯ ಕಿರಿಯ ರೂಪ. ಆ ರಂಪಣಿಗೆ ಹತ್ತಾರು ಜನರ ತೋಳು ಬೇಕಾಗುತ್ತಿತ್ತು. ಬಂದ ಮೀನು ಪಾಲಾಗುತ್ತಿತ್ತು. ಬಲೆ ತುಂಬಿದ ದಿನ ಇಡೀ ಪಟ್ಣ, ಎಂದರೆ ಮೀನುಗಾರರ ಕೇರಿ, ಉಣ್ಣುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಹಳೆಯದೆಲ್ಲ ಚಿನ್ನವೆಂದು ಹೇಳುವುದು ಸುಲಭ. ರಂಪಣಿಯ ಕಾಲದಲ್ಲಿ ಹಸಿವೂ ಇತ್ತು, ಸಾಲವೂ ಇತ್ತು. ಯಂತ್ರ ಬಂದ ಮೇಲೆ ಮಕ್ಕಳು ಶಾಲೆಗೆ ಹೋದದ್ದೂ ಹೆಂಚಿನ ಮನೆಗಳೆದ್ದದ್ದೂ ಸುಳ್ಳಲ್ಲ. ಆದರೆ ಪಾಲು ಹಂಚುವ ಬಲೆ ಹೋಗಿ ಬಂಡವಾಳ ಕೇಳುವ ಬಲೆ ಬಂದಾಗ ಊರಿನ ಒಳಗಣ ಸಂಬಂಧಗಳೂ ಬದಲಾದುವು ಎಂಬುದನ್ನು ಮರೆಯಲಾಗದು.

ಬದಲಾವಣೆ ಎಲ್ಲಿಗೆ ಮುಟ್ಟಿತೆಂಬುದನ್ನು ಪ್ರವಾಸಿಯ ತಟ್ಟೆಯೇ ಹೇಳಬಲ್ಲುದು. ಬಡವರ ಮೀನೆಂದು ಹೆಸರಾದ ಬೂತಾಯಿಯನ್ನೇ ನೋಡೋಣ. ಅದು ನಮ್ಮ ಗಡಿಯನ್ನರಿಯದ ಮೀನು. ಕೇರಳದ ಕಡಲೂ ನಮ್ಮ ಕಡಲೂ ಅದಕ್ಕೆ ಒಂದೇ. 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ 4 ಲಕ್ಷ ಟನ್ನಿನ ಸಮೀಪದಲ್ಲಿತ್ತು. 2021ರಲ್ಲಿ ಅದು 3,297 ಟನ್ನಿಗೆ ಇಳಿಯಿತೆಂದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಮರುವರ್ಷ ಮತ್ತೆ ಏರಿತು. ಕಡಲ ನೀರಿನ ಉಷ್ಣತೆಯ ಏರಿಳಿತವೂ ಇದಕ್ಕೆ ಕಾರಣ, ಮರಿಗಳನ್ನೂ ಬಿಡದೆ ಬಾಚುವ ಬಲೆಯೂ ಕಾರಣ. ರಾತ್ರಿ ಕಣ್ಣು ಕುಕ್ಕುವ ದೀಪ ಹಚ್ಚಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಕಾನೂನು ಕಾಗದದ ಮೇಲಿದ್ದರೆ ಸಾಲದೆಂದು ನಾಡದೋಣಿಯವರು ಅಂದಿನಿಂದಲೂ ದೂರುತ್ತ ಬಂದಿದ್ದಾರೆ. ಕೇರಳದಲ್ಲಿ ಬಂಗುಡೆಯನ್ನು 14 ಸೆಂಟಿಮೀಟರಿಗಿಂತ, ಬೂತಾಯಿಯನ್ನು 10 ಸೆಂಟಿಮೀಟರಿಗಿಂತ ಕಿರಿದಾಗಿರುವಾಗ ಹಿಡಿಯಬಾರದೆಂಬ ಕಟ್ಟಳೆಯಿದೆ.

ಪ್ರವಾಸಿ ಇದರಲ್ಲಿ ಮಾಡುವುದೇನು ಎಂದು ಕೇಳಬಹುದು. ಮಾಡುವುದು ಬಹಳವಿದೆ. ಹೋಟೆಲಿನಲ್ಲಿ ಕುಳಿತು ಅಂಜಲ್ ಮಾಂಜಿಗಳನ್ನೇ ಕೇಳುವ ಹಟವನ್ನು ಬಿಟ್ಟು, "ಇವತ್ತು ದಕ್ಕೆಗೆ ಏನು ಬಂದಿದೆ?" ಎಂದು ಕೇಳಬಹುದು. ಬಂಗುಡೆಯ ಪುಳಿಮುಂಚಿ, ಬೂತಾಯಿಯ ಗಸಿ, ಜೊತೆಗೆ ಕುಚ್ಚಲಕ್ಕಿಯ ಅನ್ನ. ಈ ಊರಿನವರು ಮನೆಯಲ್ಲಿ ಉಣ್ಣುವ ಈ ಊಟ ಬೆಲೆಯಲ್ಲಿ ಕಡಿಮೆ, ರುಚಿಯಲ್ಲಿ ಅಲ್ಲ. ಬೆರಳುದ್ದದ ಮರಿಗಳನ್ನು ತಟ್ಟೆಗೆ ಬಡಿಸಿದರೆ ಬೇಡವೆನ್ನಬಹುದು. ಜುಲೈಯ ಮಳೆಯಲ್ಲಿ ಬಂದು ತಾಜಾ ಅಂಜಲ್ ಇಲ್ಲವೆಂದು ಸಿಡುಕುವ ಬದಲು ಒಣಮೀನಿನ ಚಟ್ನಿಯನ್ನು ಕೇಳಿ ಪಡೆಯಬಹುದು. ಕೊಳ್ಳುವವನ ನಾಲಗೆ ಬೇಡಿದ್ದನ್ನು ಬಲೆ ತರುತ್ತದೆ. ಆ ನಾಲಗೆಗೆ ಋತುಗಳ ಪರಿಚಯವಾದರೆ ಬಲೆಗೂ ಸ್ವಲ್ಪ ಸಂಯಮ ಬಂದೀತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಬಡವರ ದುಡಿಮೆಯನ್ನು ನೋಟವನ್ನಾಗಿ ಮಾಡಿ, ನಗರದವರು ಬಂದು ಬಾಯಿತೆರೆದು ನೋಡುವುದು ಅವಮಾನವಲ್ಲವೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ನೋಡದಿರುವುದರಿಂದ ಗೌರವ ಹೆಚ್ಚುವುದಾಗಿದ್ದರೆ ಈ ಊರಿನವರಿಗೆ ಈಗಾಗಲೇ ಅದು ಹೇರಳವಾಗಿ ದೊರೆತಿರಬೇಕಾಗಿತ್ತು. ದಕ್ಕೆ ಸ್ವರ್ಗವೆಂದೂ ನಾನು ಹೇಳುತ್ತಿಲ್ಲ. 2025ರ ಮಾರ್ಚಿಯಲ್ಲಿ, ಹೊರಜಿಲ್ಲೆಯಿಂದ ದುಡಿಯಲು ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳನ್ನು ಮೀನು ಕದ್ದಳೆಂಬ ಆರೋಪದ ಮೇಲೆ ಇದೇ ಬಂದರಿನಲ್ಲಿ ಮರಕ್ಕೆ ಕಟ್ಟಿ ಹೊಡೆದ ಸುದ್ದಿ ಬಂದು ನಾಡೇ ತಲೆತಗ್ಗಿಸಿತು. ದುಡಿಮೆಯ ಏಣಿಯಲ್ಲಿ ಮೇಲಿನ ಮೆಟ್ಟಲೂ ಉಂಟು, ಕೆಳಗಿನ ಮೆಟ್ಟಲೂ ಉಂಟು. ಕೆಳಗಿನವರು ಯಾರ ಕಣ್ಣಿಗೂ ಬೀಳದೆ ಇರುವಲ್ಲಿ ಅನ್ಯಾಯಕ್ಕೆ ಧೈರ್ಯ ಹೆಚ್ಚು. ಹೊರಗಿನವರ ಮರ್ಯಾದೆಯುಳ್ಳ ಒಂದು ನೋಟ ಅದನ್ನು ನಿವಾರಿಸಲಾರದು, ನಿಜ. ಆದರೆ ನಮ್ಮ ತಟ್ಟೆಯ ಮೀನಿನ ಹಿಂದೆ ಇಂಥ ಮನುಷ್ಯರಿದ್ದಾರೆಂದು ಬಲ್ಲ ನಾಡಿನಲ್ಲಿ ಅವರ ಪರವಾಗಿ ಎದ್ದ ದನಿಗೆ ಕಿವಿಗಳು ಸಿಕ್ಕುತ್ತವೆ.

ಇದಕ್ಕೆ ಅಧಿಕಾರಿಗಳ ನೆರವೂ ಬೇಕು. ಪ್ರವಾಸದ ಹೆಸರಿನಲ್ಲಿ ಮಾಡುವ ವೆಚ್ಚವೆಲ್ಲ ದಂಡೆಯ ಆಟಪಾಟಗಳಿಗೇ ಹರಿಯಬೇಕೆಂದೇನೂ ಇಲ್ಲ. ಕೆಲಸಕ್ಕೆ ಅಡ್ಡಿಯಾಗದಂತೆ ನಿಂತು ನೋಡಲು ದಕ್ಕೆಯ ಬದಿಯಲ್ಲಿ ಎತ್ತರದ ಒಂದು ಜಗಲಿ, ಬಲೆಗಳ ಬಗೆಯನ್ನೂ ಮೀನಿನ ಋತುಗಳನ್ನೂ ತಿಳಿಸುವ ಕನ್ನಡ ತುಳುಗಳ ಫಲಕಗಳು, ಕಡಲಿಗೆ ಹೋಗುವುದನ್ನು ಬಿಟ್ಟ ಹಿರಿಯ ತಂಡೇಲರಿಗೆ ಒಂದಿಷ್ಟು ಗೌರವಧನ ಕೊಟ್ಟು ಅವರಿಂದಲೇ ಶಾಲೆಯ ಮಕ್ಕಳಿಗೆ ವಿವರಣೆ. ಇವು ದೊಡ್ಡ ಖರ್ಚಿನ ಮಾತುಗಳಲ್ಲ. ದುಡಿಯುವ ಹೆಂಗಸರಿಗೆ ನೆರಳು, ಕುಡಿಯುವ ನೀರು, ಶುಚಿಯಾದ ಶೌಚಗೃಹ ಇವು ಮೊದಲು. ಆಮೇಲೆ ನಮಗೆ ಜಗಲಿ.

ಮಲ್ಪೆಗೆ ಹೊರಟವರು ಅಲಾರಾಂ ಇಟ್ಟುಕೊಂಡು ಮಲಗಲಿ. ಸೂರ್ಯಾಸ್ತ ಎಲ್ಲ ಪಡುವಣ ದಂಡೆಗಳಲ್ಲಿಯೂ ಆಗುತ್ತದೆ, ಅದಕ್ಕೆ ಟಿಕೆಟ್ಟಿಲ್ಲ, ಅದು ತಪ್ಪಿಸಿಕೊಂಡು ಹೋಗುವುದೂ ಇಲ್ಲ. ವಾರದಾಚೆ ಹೋಗಿದ್ದ ಬೋಟು ಎಲ್ಲ ಜನರೊಡನೆ ದಕ್ಕೆಗೆ ಬಂದು ಹಗ್ಗ ಎಸೆಯುವ ಗಳಿಗೆ ಮಾತ್ರ ಎಂದೂ ಖಂಡಿತವಾದುದಲ್ಲ. ಕಣ್ಣಿದ್ದವರು ಅದನ್ನು ನೋಡಿ ಬರಲಿ.